ಸಕ್ಕರೆಯ ತೀರ್ಪು ಮತ್ತು ನಮ್ಮ ಸಾಫ್ಟ್‌ನರ್ ಡ್ರಮ್ಮು

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರ ಬಗ್ಗೆ ಮಾತನಾಡುವವರು ಬಹಳ ಮಂದಿ; ಹೊಲಿದ ಜೀನ್ಸನ್ನು ಒಗೆಯುವವರ ಬಗ್ಗೆ ಮಾತನಾಡುವವರು ಕಡಿಮೆ. ಕೌಲ್ ಬಜಾರಿನ ಓಣಿಗಳಲ್ಲಿ ಹೊಲಿಗೆ ಮುಗಿಸಿದ ಪ್ಯಾಂಟು ಅಂಗಡಿಯ ಕಪಾಟು ಸೇರುವ ಮೊದಲು ವಾಷಿಂಗ್ ಘಟಕಕ್ಕೆ ಬರುತ್ತದೆ, ರಟ್ಟಿನ ಹಾಗೆ ಸೆಟೆದುಕೊಂಡು ಒಳಗೆ ಹೋದದ್ದು ಮೈಗೆ ಒಪ್ಪುವ ಬಟ್ಟೆಯಾಗಿ ಹೊರಗೆ ಬರುತ್ತದೆ. ನನ್ನ ಸೋದರಮಾವ ಅಂಥದೊಂದು ಸಣ್ಣ ಘಟಕವನ್ನು ನಡೆಸುತ್ತಾರೆ. ನಾನು ರಸಾಯನಶಾಸ್ತ್ರ ಓದಿ, ಕೆಲವು ವರ್ಷ ಬಣ್ಣ ಮತ್ತು ಕೆಮಿಕಲ್ ವ್ಯಾಪಾರಿಯೊಬ್ಬರ ಪ್ರಯೋಗಾಲಯದಲ್ಲಿ ದುಡಿದವನಾದ್ದರಿಂದ, ಅವರ ಡ್ರಮ್ಮಿನಲ್ಲಿ ಏನು ಕೆಟ್ಟರೂ ಮೊದಲ ಫೋನು ಬರುವುದು ನನಗೆ.

ಈ ಬಾರಿ ಫೋನು ಬಂದದ್ದು ಕೆಟ್ಟದ್ದಕ್ಕಲ್ಲ, ಕೂಡಿಬಂದದ್ದಕ್ಕೆ. ಘಟಕದ ವಾಷಿಂಗ್ ಮಾಸ್ಟರು ಕೊನೆಯ ಹಂತದ ಸಾಫ್ಟ್‌ನರನ್ನು ಬೆರೆಸುವ ತಮ್ಮದೇ ಒಂದು ಕ್ರಮವನ್ನು ಕಂಡುಕೊಂಡಿದ್ದರು. ತಿಳಿ ಬಣ್ಣದ ಪ್ಯಾಂಟುಗಳು ಹಳದಿ ತಿರುಗುವುದು ಅದರಿಂದ ಕಡಿಮೆಯಾಗಿತ್ತು, ಕೈಗೆ ಸಿಗುವ ಮೆದುವೂ ಚೆನ್ನಾಗಿತ್ತು. "ಅಳಿಯಾ, ಇದಕ್ಕ ಪೇಟೆಂಟ್ ಮಾಡ್ಸಾಕ ಬರ್ತದೇನು, ಒಂದೀಟು ನೋಡು" ಎಂದರು ಮಾವ. ಅಷ್ಟರಲ್ಲಾಗಲೇ ಯಾರೋ ಒಬ್ಬ ಮಧ್ಯವರ್ತಿ ಅವರನ್ನು ಭೇಟಿಯಾಗಿ, ಪೇಟೆಂಟ್ ಸಿಗುವುದು ನೂರಕ್ಕೆ ನೂರು ಖಚಿತವೆಂದು ಹೇಳಿ, ಮುಂಗಡವನ್ನೂ ಪಡೆದಿದ್ದ. ಸಾಫ್ಟ್‌ನರ್ ಪೇಟೆಂಟುಗಳ ವ್ಯಾಜ್ಯಗಳನ್ನು ನಾನು ಓದತೊಡಗಿದ್ದು ಆ ಸಿಟ್ಟಿಗೆ.

ಮೊದಲು ಡ್ರಮ್ಮಿನೊಳಗೆ ಏನಿದೆ ಎಂಬುದನ್ನು ಹೇಳಬೇಕು. ಹತ್ತಿಯ ನೂಲು ನೀರಿನಲ್ಲಿ ಸ್ವಲ್ಪಮಟ್ಟಿಗೆ ಋಣ ವಿದ್ಯುದಂಶವನ್ನು ಹೊಂದಿರುತ್ತದೆ. ಸಾಫ್ಟ್‌ನರಿನ ಅಣುವಿಗೆ ಧನ ವಿದ್ಯುದಂಶದ ಒಂದು ತಲೆ, ಕೊಬ್ಬಿನಿಂದ ಬಂದ ಉದ್ದನೆಯ ಎರಡು ಬಾಲ. ತಲೆ ನೂಲಿಗೆ ಅಂಟಿಕೊಳ್ಳುತ್ತದೆ, ಬಾಲಗಳು ಹೊರಕ್ಕೆ ಚಾಚಿಕೊಂಡು ಎಳೆ ಎಳೆಗೆ ಎಣ್ಣೆ ಸವರಿದ ಹಾಗೆ ಜಾರಿಕೆ ಕೊಡುತ್ತವೆ. ನಮ್ಮ ಘಟಕಗಳಲ್ಲಿ ಇದನ್ನು ಫ್ಲೇಕ್ಸ್ ಎನ್ನುತ್ತಾರೆ. ಬಿಸಿನೀರಿನಲ್ಲಿ ಕರಗಿಸಿ, ಗಂಜಿಯ ಹದಕ್ಕೆ ತಂದು, ಅಸಿಟಿಕ್ ಆಮ್ಲದಿಂದ ಹುಳಿ ಮಾಡಿ ಬಳಸುತ್ತಾರೆ. ಇದರ ಜೊತೆಗೆ ಅಮೈನೋ ಸಿಲಿಕೋನನ್ನು ಬೆರೆಸಿದರೆ ಬಟ್ಟೆಗೆ ರೇಷ್ಮೆಯ ನುಣುಪು ಬರುತ್ತದೆ, ಆದರೆ ಬಿಸಿ ಡ್ರೈಯರಿನಲ್ಲಿ ತಿಳಿ ಬಣ್ಣ ಹಳದಿಗೆ ತಿರುಗುವ ಕಾಟವೂ ಬರುತ್ತದೆ. ಮಾಸ್ಟರು ಮಾಡಿದ್ದೇನೆಂದರೆ, ಫ್ಲೇಕ್ಸ್ ಮತ್ತು ಸಿಲಿಕೋನಿನ ಅಳತೆಯನ್ನು ಬದಲಿಸಿ, ಗಡಸಾದ ಬೋರ್‌ವೆಲ್ ನೀರಿಗೆ ಮೊದಲೇ ಆಮ್ಲವನ್ನು ಹಾಕಿ, ಅನಂತರ ಒಂದಾದ ಮೇಲೊಂದನ್ನು ನಿರ್ದಿಷ್ಟ ಕ್ರಮದಲ್ಲಿ ಇಳಿಸಿದ್ದು. ಹೊಸ ಪದಾರ್ಥ ಒಂದೂ ಇಲ್ಲ. ಇದ್ದ ಪದಾರ್ಥಗಳ ಹೊಸ ಜೋಡಣೆ ಮಾತ್ರ.

ಪೇಟೆಂಟ್ ಕಾನೂನಿನ ಪೆಟ್ಟು ಬೀಳುವುದು ಸರಿಯಾಗಿ ಇಲ್ಲಿಗೇ. ನಮ್ಮ 1970ರ ಪೇಟೆಂಟ್ ಕಾಯ್ದೆಯ 2(1)(ಜೆಎ) ಕಲಮಿನ ಪ್ರಕಾರ, ಆವಿಷ್ಕಾರವೊಂದು ಈಗಾಗಲೇ ಇರುವ ತಿಳಿವಳಿಕೆಗಿಂತ ತಾಂತ್ರಿಕವಾಗಿ ಮುಂದಿರಬೇಕು ಅಥವಾ ಆರ್ಥಿಕ ಮಹತ್ವವನ್ನು ಹೊಂದಿರಬೇಕು ಅಥವಾ ಎರಡೂ ಇರಬೇಕು. ಅಷ್ಟೇ ಅಲ್ಲ, ಆ ಕಸುಬಿನಲ್ಲಿ ಪಳಗಿದ ವ್ಯಕ್ತಿಗೆ ಅದು ತಾನಾಗಿಯೇ ಹೊಳೆಯುವಂಥದ್ದಾಗಿರಬಾರದು. ಹೊಸದಾಗಿದ್ದರೆ ಸಾಲದು ಎಂಬ ಈ ಮಾತು ಮಾವನಿಗೆ ಕೊನೆಯವರೆಗೂ ಅನ್ಯಾಯವಾಗಿಯೇ ಕಂಡಿತು. ಬಳ್ಳಾರಿಯಲ್ಲಿ ಯಾರೂ ಮಾಡಿಲ್ಲವಲ್ಲ ಎಂಬುದು ಅವರ ವಾದ. ಯಾರೂ ಮಾಡದಿರುವುದು ಬೇರೆ, ಮಾಡಬೇಕೆಂದು ಯಾರಿಗೂ ಹೊಳೆಯಲಾರದ್ದು ಬೇರೆ ಎಂಬುದು ಕಾನೂನಿನ ವಾದ.

ಈ ವ್ಯತ್ಯಾಸವನ್ನು ನಮ್ಮ ಸುಪ್ರೀಂ ಕೋರ್ಟು ತಿಳಿಸಿಕೊಟ್ಟದ್ದು ಪಾತ್ರೆಗಳ ಪ್ರಕರಣವೊಂದರಲ್ಲಿ. ಬಿಶ್ವನಾಥ ಪ್ರಸಾದ್ ರಾಧೇಶ್ಯಾಮ್ ಮತ್ತು ಹಿಂದುಸ್ಥಾನ್ ಮೆಟಲ್ ಇಂಡಸ್ಟ್ರೀಸ್ ನಡುವಣ ಆ ವ್ಯಾಜ್ಯದಲ್ಲಿ, ಲೋಹದ ಪಾತ್ರೆಯನ್ನು ಲೇತಿನಲ್ಲಿ ಬಿಗಿಯಾಗಿ ಹಿಡಿದು ಹೊಳಪು ಕೊಡುವ ವಿಧಾನಕ್ಕೆ ಪೇಟೆಂಟ್ ಇತ್ತು. ಗೊತ್ತಿದ್ದ ವಸ್ತುಗಳನ್ನೇ ಕೂಡಿಸಿದ್ದಾದರೆ ಅದು ಕಾರ್ಖಾನೆಯ ಪಡಸಾಲೆಯಲ್ಲಿ ದಿನನಿತ್ಯ ನಡೆಯುವ ಸುಧಾರಣೆಗಿಂತ ಹೆಚ್ಚಿನದಾಗಿರಬೇಕು ಎಂದು ನ್ಯಾಯಾಲಯವು 1978ರಲ್ಲಿ ಹೇಳಿ, ಆ ಪೇಟೆಂಟನ್ನು ಎತ್ತಿಹಿಡಿಯಲಿಲ್ಲ. ನಮ್ಮ ಮಾಸ್ಟರ ಕೆಲಸಕ್ಕೆ ಇದಕ್ಕಿಂತ ಹತ್ತಿರದ ತೀರ್ಪು ಇರಲಾರದೆಂದು ನಾನು ಅಂದುಕೊಂಡಿದ್ದೆ; ಆದರೆ ಇದ್ದಿತು, ಅದೂ ಸಾಫ್ಟ್‌ನರಿನದ್ದೇ.

ಅಮೆರಿಕದಲ್ಲಿ ಸೀಮಾಸುಂಕ ಮತ್ತು ಪೇಟೆಂಟ್ ಮೇಲ್ಮನವಿಗಳಿಗೆಂದೇ ಹಿಂದೆ ಒಂದು ನ್ಯಾಯಾಲಯವಿತ್ತು. ಅದರ ಮುಂದೆ ಬಂದ ಲಿಂಟ್ನರ್ ಪ್ರಕರಣದ ತೀರ್ಪು 1972ರದ್ದು. ಅರ್ಜಿದಾರರು ಪೇಟೆಂಟ್ ಕೇಳಿದ್ದು ಬಟ್ಟೆ ಒಗೆಯುವ ಒಂದು ಮಿಶ್ರಣಕ್ಕೆ. ಕೊಳೆಯನ್ನು ಚದುರಿಸುವ ದ್ರವ್ಯ, ಧನ ವಿದ್ಯುದಂಶದ ಸಾಫ್ಟ್‌ನರ್, ಸಕ್ಕರೆ, ನೀರಿನ ಗಡಸುತನವನ್ನು ಹಿಡಿದಿಡುವ ಫಾಸ್ಫೇಟ್ ಮತ್ತು ಬಟ್ಟೆಗೆ ಬೆಳ್ಳಗಿನ ಹೊಳಪು ಕೊಡುವ ದ್ರವ್ಯ, ಇವಿಷ್ಟು ಗೊತ್ತುಪಡಿಸಿದ ಪ್ರಮಾಣಗಳಲ್ಲಿ ಅದರಲ್ಲಿದ್ದವು. ಅರ್ಜಿಗೂ ಮೊದಲೇ ಪ್ರಕಟವಾಗಿದ್ದ ದಾಖಲೆಯೊಂದರಲ್ಲಿ ಸಕ್ಕರೆಯೊಂದನ್ನು ಬಿಟ್ಟು ಉಳಿದೆಲ್ಲವೂ ಇದ್ದವು. ಬೇರೆ ದಾಖಲೆಗಳಲ್ಲಿ, ಸಾಫ್ಟ್‌ನರ್ ಇರುವ ಮಿಶ್ರಣಗಳಿಗೆ ತೂಕ ಮತ್ತು ಗಾತ್ರ ತುಂಬಲೆಂದು ಸಕ್ಕರೆ ಹಾಕುವ ಮಾತು ಇತ್ತು. ಅರ್ಜಿದಾರರು ಹೇಳಿದ್ದೇನೆಂದರೆ, ತಮ್ಮ ಸಕ್ಕರೆಯು ತೂಕಕ್ಕಾಗಿ ಬಂದದ್ದಲ್ಲ, ಡಿಟರ್ಜೆಂಟಿನ ಉಳಿದ ಭಾಗಗಳ ಜೊತೆ ಸಾಫ್ಟ್‌ನರ್ ಜಗಳವಾಡದೆ ಹೊಂದಿಕೊಂಡಿರುವುದು ಆ ಸಕ್ಕರೆಯಿಂದಲೇ ಎಂದು.

ಈ ವಾದ ನನ್ನಂಥವನಿಗೆ ತಟ್ಟನೆ ಹಿಡಿಸುತ್ತದೆ. ಯಾರೋ ಚೀಲ ತುಂಬಿಸಲು ಹಾಕಿದ್ದನ್ನು ಇನ್ನೊಬ್ಬ ಅದರ ಗುಣವನ್ನರಿತು ಹಾಕಿದರೆ, ಎರಡನೆಯವನೇ ಕಂಡುಹಿಡಿದವನಲ್ಲವೇ? ನ್ಯಾಯಾಲಯ ಒಪ್ಪಲಿಲ್ಲ. ಅರ್ಜಿದಾರರು ಸಕ್ಕರೆಯನ್ನು ಬೇರೊಂದು ಉದ್ದೇಶಕ್ಕೆ ಬಳಸಿದ ಮಾತ್ರಕ್ಕೆ ತೀರ್ಮಾನ ಬದಲಾಗುವುದಿಲ್ಲ, ಹಳೆಯ ದಾಖಲೆಗಳು ಹೇಳಿದ ಉದ್ದೇಶಕ್ಕಾಗಿಯೇ ಆದರೂ ಸಕ್ಕರೆಯನ್ನು ಆ ಮಿಶ್ರಣಕ್ಕೆ ಹಾಕುವುದು ಮೇಲ್ನೋಟಕ್ಕೆ ಸಹಜವಾಗಿಯೇ ಹೊಳೆಯುವ ಸಂಗತಿ ಎಂದಿತು. ಯಾವ ಕಾರಣಕ್ಕೆ ಹಾಕಿದೆ ಎಂದು ಡ್ರಮ್ಮನ್ನು ಯಾರೂ ಕೇಳುವುದಿಲ್ಲ; ತೂಕಕ್ಕಾಗಿ ಸಕ್ಕರೆ ಸುರಿದವನ ಡ್ರಮ್ಮಿನಲ್ಲಿಯೂ ಅದೇ ಮಿಶ್ರಣ ತಯಾರಾಗುತ್ತದೆ. ಅವನು ನಾಳೆ ಅದನ್ನು ಮಾರಿದರೆ ತಡೆಯುವ ಹಕ್ಕನ್ನು ಬೇರೊಬ್ಬರಿಗೆ ಕೊಡುವುದು ಹೇಗೆ? ಎರಡು ದಿನ ಯೋಚಿಸಿದ ಮೇಲೆ ನನಗೂ ಆ ತೀರ್ಪು ಸರಿಯೆನಿಸಿತು, ಪೂರ್ತಿ ಮನಸ್ಸಿನಿಂದ ಅಲ್ಲದಿದ್ದರೂ.

ಇದನ್ನು ಮಾಸ್ಟರಿಗೆ ವಿವರಿಸಿ ಹೇಳಿದೆ. ಅವರು ಕೈಯಲ್ಲಿದ್ದ ಮಗ್ಗನ್ನು ಕೆಳಗಿಟ್ಟು, "ಸಾಫ್ಟ್‌ನರ್‌ಗೆ ಸಕ್ರಿ ಹಾಕಿದ್ರ ಗೋಡೌನ್ ತುಂಬ ಇರಿವಿ ಆಗ್ತಾವ್ರಿ ಸರ್" ಎಂದರು. ಅಮೆರಿಕದ ನ್ಯಾಯಮೂರ್ತಿಗಳು ಪರಿಶೀಲಿಸದ ಅಂಶವಿದು.

ಅದೇ ನ್ಯಾಯಾಲಯದ 1980ರ ಕೆರ್ಕೋವೆನ್ ತೀರ್ಪು ಇನ್ನೂ ನೇರವಾದದ್ದು. ಸಾಮಾನ್ಯ ಬಳಕೆಯಲ್ಲಿದ್ದ ಎರಡು ಬಗೆಯ ಡಿಟರ್ಜೆಂಟ್ ಪುಡಿಗಳನ್ನು ಬೆರೆಸಿ ಮೂರನೆಯದನ್ನು ಮಾಡುವ ವಿಧಾನಕ್ಕೆ ಹಕ್ಕು ಕೇಳಿದ್ದಾಗ, ಒಂದೇ ಕೆಲಸಕ್ಕೆ ಬರುವವೆಂದು ಗೊತ್ತಿರುವ ಎರಡನ್ನು ಅದೇ ಕೆಲಸಕ್ಕಾಗಿ ಕೂಡಿಸುವುದು ಮೇಲ್ನೋಟಕ್ಕೆ ಹೊಳೆಯುವಂಥದ್ದೇ, ಕೂಡಿಸಬೇಕೆಂಬ ಯೋಚನೆ ಎರಡನ್ನೂ ಬಿಡಿಬಿಡಿಯಾಗಿ ಬಲ್ಲವನಿಗೆ ತಾನಾಗಿ ಬರುತ್ತದೆ ಎಂದಿತು. ಫ್ಲೇಕ್ಸ್ ಬಟ್ಟೆಯನ್ನು ಮೆತ್ತಗೆ ಮಾಡುತ್ತದೆ, ಸಿಲಿಕೋನೂ ಮೆತ್ತಗೆ ಮಾಡುತ್ತದೆ, ಎರಡನ್ನೂ ಕೂಡಿಸಿದೆವು ಎಂದು ಅರ್ಜಿಯಲ್ಲಿ ಬರೆದರೆ ಈ ಮಾತು ಎದುರಿಗೆ ಬಂದು ನಿಲ್ಲುತ್ತದೆ. ಅಳತೆಯನ್ನು ಬದಲಿಸಿದ್ದಕ್ಕೂ ಉತ್ತರ ಸಿದ್ಧವಿದೆ: ಆಲರ್ ಪ್ರಕರಣದಲ್ಲಿ 1955ರಷ್ಟು ಹಿಂದೆಯೇ, ಒಂದು ಕ್ರಿಯೆಯ ಸಾಮಾನ್ಯ ಸ್ಥಿತಿಗತಿಗಳು ಗೊತ್ತಿರುವಾಗ ಉಷ್ಣತೆ ಮತ್ತು ಸಾಂದ್ರತೆಯ ಒಳ್ಳೆಯ ಅಳತೆಯನ್ನು ರೂಢಿಯ ಪ್ರಯೋಗಗಳಿಂದ ಹುಡುಕುವುದು ಆವಿಷ್ಕಾರವಲ್ಲ ಎಂದು ಹೇಳಿಯಾಗಿದೆ.

ಹಾಗಾದರೆ ಸಾಫ್ಟ್‌ನರಿನಲ್ಲಿ ಪೇಟೆಂಟ್ ಯಾರಿಗೂ ಸಿಗಬಾರದಿತ್ತು. ಆದರೆ ಸಿಕ್ಕಿವೆ, ಸಾವಿರಾರು ಸಿಕ್ಕಿವೆ. ಏಕೆಂಬುದನ್ನು ಒಂದು ಹಳೆಯ ತಲೆನೋವಿನಿಂದ ಅರ್ಥಮಾಡಿಕೊಳ್ಳಬಹುದು. ಸೋಪಿನ ಪುಡಿಯ ಮುಖ್ಯ ದ್ರವ್ಯ ಋಣ ವಿದ್ಯುದಂಶದ್ದು, ಸಾಫ್ಟ್‌ನರ್ ಧನ ವಿದ್ಯುದಂಶದ್ದು. ಎರಡನ್ನೂ ಒಂದೇ ನೀರಿಗೆ ಹಾಕಿದರೆ ಒಂದನ್ನೊಂದು ಹಿಡಿದುಕೊಂಡು, ಹಾಲು ಒಡೆದ ಹಾಗೆ ಗರಣೆಗಟ್ಟುತ್ತವೆ. ಕೊಳೆಯೂ ಹೋಗುವುದಿಲ್ಲ, ಬಟ್ಟೆಯೂ ಮೆತ್ತಗಾಗುವುದಿಲ್ಲ. ಸಾಫ್ಟ್‌ನರನ್ನು ಕೊನೆಯ ನೀರಿಗೇ ಹಾಕಬೇಕೆಂದು ಬಾಟಲಿಯ ಮೇಲೆ ಬರೆದಿರುವುದು ಈ ಕಾರಣಕ್ಕೆ, ನಮ್ಮ ಘಟಕಗಳಲ್ಲಿ ಸಾಫ್ಟ್‌ನರಿನ ಮುಂಚೆ ಚೆನ್ನಾಗಿ ಜಾಲಿಸುವುದೂ ಈ ಕಾರಣಕ್ಕೆ. ಕಸುಬಿನವರೆಲ್ಲ "ಬೆರೆಸಬೇಡ" ಎಂದು ಹೇಳುತ್ತಿರುವಾಗ, ಒಬ್ಬನು ಬೆರೆಸಿಯೂ ಗೆಲ್ಲುವ ದಾರಿ ತೋರಿಸಿದರೆ, ಅದು ತಾನಾಗಿ ಹೊಳೆಯುವಂಥದ್ದು ಎನ್ನುವುದು ಕಷ್ಟ. ಹಿಂದಿನ ತಿಳಿವಳಿಕೆಯು ಎತ್ತ ಕೈ ತೋರಿಸುತ್ತಿತ್ತೋ ಅದಕ್ಕೆ ಎದುರಾಗಿ ನಡೆದವನ ಬಗ್ಗೆ ಕಾನೂನಿಗೆ ಗೌರವವಿದೆ.

ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯು 1970ರ ದಶಕದಲ್ಲಿ ಹಿಡಿದದ್ದು ಅಂಥದೊಂದು ದಾರಿ: ಸಾಫ್ಟ್‌ನರಿನ ಬದಲು ಸ್ಮೆಕ್ಟೈಟ್ ಎಂಬ ಜೇಡಿಮಣ್ಣನ್ನು ಸೋಪಿನ ಪುಡಿಯಲ್ಲೇ ಸೇರಿಸುವುದು. ಹಾಳೆ ಹಾಳೆಯಾಗಿ ಬಿಡಿಸಿಕೊಳ್ಳುವ ಈ ಮಣ್ಣಿನ ನವಿರಾದ ಕಣಗಳು ನೂಲಿನ ಮೇಲೆ ಕುಳಿತು ಜಾರಿಕೆ ಕೊಡುತ್ತವೆ, ಸೋಪಿನ ಜೊತೆ ಜಗಳವಾಡುವುದಿಲ್ಲ. ಬಟ್ಟೆಯಿಂದ ಮಣ್ಣು ತೆಗೆಯಬೇಕಾದ ಪುಡಿಗೆ ಮಣ್ಣನ್ನೇ ಹಾಕುವುದು! ಇನ್ನೊಂದು ಸೋಜಿಗವೆಂದರೆ, ಬಳ್ಳಾರಿ ಸೀಮೆಯ ಎರೆಮಣ್ಣು ಮಳೆ ಬಿದ್ದಾಗ ಉಬ್ಬುವುದು, ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು ಬಿಡುವುದು ಇದೇ ಸ್ಮೆಕ್ಟೈಟ್ ಜಾತಿಯ ಜೇಡಿ ಅದರಲ್ಲಿ ತುಂಬಿರುವುದರಿಂದ. ನಮ್ಮ ಹೊಲದ ಮಣ್ಣನ್ನು ತಂದು ಬಟ್ಟೆಗೆ ಸುರಿದರೆ ಮೆತ್ತಗಾಗುತ್ತದೆಂದು ಯಾರೂ ತಿಳಿಯಬಾರದು. ಅವರು ಬಳಸುವುದು ಆರಿಸಿ ಶುದ್ಧ ಮಾಡಿದ ಬಿಳಿಯ ಜೇಡಿಯನ್ನು. ಆದರೂ ಚೌಳು ಮಣ್ಣಿನಿಂದ ಬಟ್ಟೆ ಒಗೆದ ಮಡಿವಾಳರ ಊರುಗಳಲ್ಲಿ ಬೆಳೆದವನಿಗೆ, ಮಣ್ಣು ಮತ್ತು ಒಗೆತದ ನಂಟು ಅಷ್ಟೇನೂ ಹೊಸದಾಗಿ ಕಾಣುವುದಿಲ್ಲ.

ಜೇಡಿ ಒಮ್ಮೆ ಬಯಲಿಗೆ ಬಂದ ಮೇಲೆ ಜಗಳ ಸಣ್ಣ ಸಣ್ಣ ಹೆಜ್ಜೆಗಳಿಗೆ ಇಳಿಯಿತು. ಜೇಡಿಯ ಜೊತೆ, ಕೊಬ್ಬಿನಿಂದ ತಯಾರಾಗುವ ಅಮೈನ್ ಎಂಬ ಇನ್ನೊಂದು ಮೆತ್ತಗೆ ಮಾಡುವ ದ್ರವ್ಯವನ್ನು ಸೇರಿಸಿದರೆ ಹೊಸ ಆವಿಷ್ಕಾರವೇ? ಜೇಡಿಯ ಕಣಗಳನ್ನು ಗುಂಪುಗೂಡಿಸಿ ಬಟ್ಟೆಯ ಮೇಲೆ ಹೆಚ್ಚು ಕೂರುವಂತೆ ಮಾಡುವ ಪಾಲಿಮರನ್ನು ಸೇರಿಸಿದರೆ? ನೀರನ್ನು ತಿಳಿ ಮಾಡುವ ಕಡೆಗಳಲ್ಲಿ ಅಂಥ ಪಾಲಿಮರುಗಳು ಜೇಡಿಯನ್ನು ಕೂಡಿಸುತ್ತವೆಂಬುದು ಮೊದಲೇ ಗೊತ್ತಿತ್ತಲ್ಲ ಎಂದು ಒಬ್ಬ ವಕೀಲ ಹೇಳಬಹುದು. ಒಗೆಯುವ ನೀರಿನಲ್ಲಿ ಕಣಗಳು ಗಂಟುಕಟ್ಟಿದರೆ ಬಟ್ಟೆಯ ಮೇಲೆ ಕಲೆಯಾದೀತೆಂದು ಯಾರಾದರೂ ಹೆದರುತ್ತಿದ್ದರು ಎಂದು ಇನ್ನೊಬ್ಬ ಹೇಳಬಹುದು. ಯುರೋಪಿನ ಪೇಟೆಂಟ್ ಕಚೇರಿಯಲ್ಲಿ ಇಂಥದ್ದನ್ನು ಅಳೆಯುವ ರೂಢಿ ನನಗೆ ಮೆಚ್ಚಿಗೆಯಾದದ್ದು. ಅತ್ಯಂತ ಹತ್ತಿರದ ಹಳೆಯ ದಾಖಲೆಯನ್ನು ಮುಂದಿಟ್ಟುಕೊಂಡು, ಅದಕ್ಕೂ ಅರ್ಜಿಗೂ ಇರುವ ವ್ಯತ್ಯಾಸದಿಂದ ನಿಜವಾಗಿ ಆದ ಲಾಭವೇನೆಂದು ನೋಡಿ, ಆ ಲಾಭವನ್ನು ಬಯಸಿದ ಕಸುಬುದಾರನು ಹೀಗೆ ಮಾಡಬಹುದಿತ್ತೇ ಎಂದು ಕೇಳದೆ, ಮಾಡಿಯೇ ಮಾಡುತ್ತಿದ್ದನೇ ಎಂದು ಅವರು ಕೇಳುತ್ತಾರೆ. ಮಾಡಬಹುದಿತ್ತು ಎಂಬುದನ್ನು ಎಲ್ಲದರ ಬಗ್ಗೆಯೂ ಹೇಳಬಹುದು. ಉತ್ತರ ನೋಡಿಕೊಂಡು ಲೆಕ್ಕ ಬಿಡಿಸುವವನಿಗೆ ಯಾವ ಲೆಕ್ಕವೂ ಸುಲಭವೇ.

ಲಾಭವೇನು ಎಂಬಲ್ಲಿ ಸಾಫ್ಟ್‌ನರಿಗೆ ಬೇರೆ ಯಾವ ಪದಾರ್ಥಕ್ಕೂ ಇಲ್ಲದ ಒಂದು ಫಜೀತಿ ಇದೆ. ಮೆದುವನ್ನು ಅಳೆಯುವುದು ಅಂಗೈಯಿಂದ. "ಫೀಲ್ ಬಂದಿಲ್ಲ" ಎಂದು ಖರೀದಿದಾರ ಒಂದು ಮಾತು ಹೇಳಿದರೆ ಇಡೀ ಲಾಟು ವಾಪಸ್ಸು ಬರುತ್ತದೆ. ಏನು ಬಂದಿಲ್ಲವೆಂದು ಅವನೂ ಹೇಳಲಾರ. ಜಪಾನಿನಲ್ಲಿ ಕವಾಬಾಟ ಎಂಬುವರ ಹೆಸರಿನ ಯಂತ್ರಗಳಿವೆ, ಬಟ್ಟೆ ಬಾಗುವ, ಎಳೆದರೆ ಹಿಗ್ಗುವ, ಮೇಲ್ಮೈ ಉಜ್ಜುವ ಬಲಗಳನ್ನೆಲ್ಲ ಅವು ಅಂಕಿಯಲ್ಲಿ ಕೊಡುತ್ತವೆ. ಆದರೆ ಪೇಟೆಂಟ್ ಅರ್ಜಿಗಳಲ್ಲಿ ಹೆಚ್ಚಾಗಿ ಕಾಣುವುದು ಕೆಲವರನ್ನು ಕೂರಿಸಿ, ಎರಡೆರಡು ಟವೆಲ್ಲುಗಳನ್ನು ಮುಟ್ಟಿಸಿ, ಯಾವುದು ಮೆತ್ತಗಿದೆ ಎಂದು ಅಂಕ ಹಾಕಿಸುವ ಪರೀಕ್ಷೆ. ಹಕ್ಕನ್ನು ಕೇಳುವವರು ಅರ್ಧ ಅಂಕದ ಹೆಚ್ಚಳವನ್ನು ಅನಿರೀಕ್ಷಿತ ಫಲ ಎನ್ನುತ್ತಾರೆ, ವಿರೋಧಿಸುವವರು ಅದನ್ನು ಟವೆಲ್ಲಿನ ಗುಣ ಎನ್ನುತ್ತಾರೆ.

ನಮ್ಮ ದೇಶದಲ್ಲಿ ಇದಕ್ಕೆ ಇನ್ನೊಂದು ಬಾಗಿಲೂ ಇದೆ. ಕಾಯ್ದೆಯ 3(ಇ) ಕಲಮಿನ ಪ್ರಕಾರ, ಘಟಕಗಳ ಗುಣಗಳು ಬರೀ ಒಟ್ಟುಗೂಡಿದ ಮಿಶ್ರಣ ಆವಿಷ್ಕಾರವೇ ಅಲ್ಲ. ಫ್ಲೇಕ್ಸಿನಿಂದ ಎರಡು ಪಾಲು ಮೆದು, ಸಿಲಿಕೋನಿನಿಂದ ಮೂರು ಪಾಲು, ಕೂಡಿಸಿದರೆ ಐದು ಪಾಲು ಬಂದರೆ ಅದು ಕೂಡಿಕೆಯ ಲೆಕ್ಕ ಮಾತ್ರ. ಏಳು ಬಂದರೆ ಮಾತ್ರ ಮಾತು ಮುಂದುವರಿಯುತ್ತದೆ, ಆ ಏಳನ್ನು ಒಂದೊಂದನ್ನೂ ಬಿಡಿಯಾಗಿ ಪರೀಕ್ಷಿಸಿದ ಅಂಕಿಗಳ ಪಕ್ಕದಲ್ಲಿಟ್ಟು ತೋರಿಸಬೇಕು. ಮಧ್ಯವರ್ತಿ ಮಾವನಿಂದ ಹಣ ಕೇಳಿದ್ದನೇ ಹೊರತು, ಇಂಥ ಒಂದೇ ಒಂದು ಪರೀಕ್ಷೆಯ ಅಂಕಿಯನ್ನು ಕೇಳಿರಲಿಲ್ಲ.

ಹೀಗೆ ಓದುತ್ತಾ ಹೋದಂತೆ ನನ್ನನ್ನು ಕಾಡಿದ್ದು ಕಾನೂನಿನ ಆ ಕಲ್ಪಿತ ಕಸುಬುದಾರ. ಅವನು ಪ್ರಪಂಚದ ಎಲ್ಲ ಭಾಷೆಗಳ ಎಲ್ಲ ದಾಖಲೆಗಳನ್ನು ಓದಿರುತ್ತಾನೆ, ಆದರೆ ತನ್ನದೆಂಬ ಹೊಸ ಕಲ್ಪನೆ ಅವನಿಗಿರುವುದಿಲ್ಲ. ನಮ್ಮ ಮಾಸ್ಟರು ಸರಿಯಾಗಿ ಇದಕ್ಕೆ ತಿರುಗುಮುರುಗು: ಒಂದು ದಾಖಲೆಯನ್ನೂ ಓದಿಲ್ಲ, ಗಂಟೆಗೊಂದು ಹೊಸ ಯೋಚನೆ ಮಾಡುತ್ತಾರೆ. ಅಮೆರಿಕದ ಸುಪ್ರೀಂ ಕೋರ್ಟು 2007ರಲ್ಲಿ, ಕಾರಿನ ಪೆಡಲಿಗೆ ಸಂಬಂಧಿಸಿದ ಕೆಎಸ್‌ಆರ್ ಪ್ರಕರಣದಲ್ಲಿ, ಈ ಕಸುಬುದಾರನು ಯಂತ್ರದ ಗೊಂಬೆಯಲ್ಲ, ಸಾಮಾನ್ಯ ಮಟ್ಟದ ಸೃಜನಶಕ್ತಿ ಅವನಿಗೂ ಇರುತ್ತದೆ ಎಂದು ಹೇಳಿತು. ಅದನ್ನು ಓದಿದಾಗ ನನಗೆ ಸಂತೋಷವೂ ಆಯಿತು, ಅಳುಕೂ ಆಯಿತು. ಮಾಸ್ಟರಂಥವರ ಚಾಕಚಕ್ಯತೆಯನ್ನು ನ್ಯಾಯಾಲಯ ಗುರುತಿಸಿತೆಂದು ಸಂತೋಷ. ಗುರುತಿಸಿದ ಆ ಚಾಕಚಕ್ಯತೆಯೇ ಅವರ ಕೆಲಸವನ್ನು ಮಾಮೂಲು ಎಂದು ತಳ್ಳಿಹಾಕಲು ಕಾರಣವಾಗುತ್ತದಲ್ಲ ಎಂದು ಅಳುಕು.

ಆದರೆ ಅದೇ ಕತ್ತಿ ಇನ್ನೊಂದು ಕಡೆಗೂ ಹರಿಯುತ್ತದೆ, ಮಾವನಿಗೆ ನಾನು ಕೊನೆಗೆ ಹೇಳಿದ್ದು ಇದನ್ನೇ. ನಾಳೆ ಯಾವುದೋ ದೊಡ್ಡ ಕಂಪನಿ ಇದೇ ಬಗೆಯ ಮಿಶ್ರಣಕ್ಕೆ ಅರ್ಜಿ ಹಾಕಿತೆನ್ನಿ. ಅರ್ಜಿ ಪ್ರಕಟವಾದ ಮೇಲೆ, ಪೇಟೆಂಟ್ ಮಂಜೂರಾಗುವ ಮೊದಲು, 25(1) ಕಲಮಿನಡಿ ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು. ಮಂಜೂರಾದದ್ದು ಪ್ರಕಟವಾಗಿ ಒಂದು ವರ್ಷದೊಳಗೆ ಹಿತಾಸಕ್ತಿಯುಳ್ಳವರು ಮತ್ತೆ ವಿರೋಧಿಸಬಹುದು. ತಾನಾಗಿ ಹೊಳೆಯುವಂಥದ್ದು ಎಂದು ತೋರಿಸಲು ಅಚ್ಚಾದ ದಾಖಲೆಯೇ ಬೇಕೆಂದಿಲ್ಲ, ಅರ್ಜಿಯ ಆದ್ಯತಾ ದಿನಾಂಕಕ್ಕೆ, ಅಂದರೆ ಆ ಆವಿಷ್ಕಾರಕ್ಕೆ ಮೊಟ್ಟಮೊದಲ ಅರ್ಜಿ ಬಿದ್ದ ದಿನಕ್ಕೆ, ಮೊದಲು ಭಾರತದಲ್ಲಿ ಏನು ಬಳಕೆಯಲ್ಲಿತ್ತು ಎಂಬುದನ್ನೂ ಆಧಾರವಾಗಿ ಇಡಬಹುದೆಂದು ಕಾಯ್ದೆಯೇ ಹೇಳುತ್ತದೆ. ಬಳ್ಳಾರಿಯ ವಾಷಿಂಗ್ ಘಟಕದಲ್ಲಿ ಬಳಸಿದ್ದೂ ಭಾರತದಲ್ಲಿ ಬಳಸಿದ್ದೇ. ಕರ್ನಾಟಕದ ಅರ್ಜಿಗಳು ಹೋಗುವುದು ಚೆನ್ನೈನ ಪೇಟೆಂಟ್ ಕಚೇರಿಗೆ. ಅಲ್ಲಿ ನಿಂತು "ನಾವು ಮೊದಲಿಂದ ಹಿಂಗ ಮಾಡ್ತಿದ್ವಿ" ಎಂದರೆ ಯಾರೂ ಕೇಳುವುದಿಲ್ಲ, ದಿನಾಂಕ ಹಾಕಿದ ಕಾಗದ ಬೇಕು. ನಮ್ಮಲ್ಲಿ ಇಲ್ಲದ್ದು ಅದೊಂದೇ. ಯಾವ ಲಾಟಿಗೆ ಎಷ್ಟು ಪ್ಯಾಂಟು, ಎಷ್ಟು ಬಾಕಿ ಎಂಬುದಕ್ಕೆ ಪುಸ್ತಕವಿದೆ. ಯಾವ ಡ್ರಮ್ಮಿಗೆ ಏನು, ಎಷ್ಟು, ಯಾವ ಕ್ರಮದಲ್ಲಿ ಎಂಬುದು ಮಾಸ್ಟರ ತಲೆಯಲ್ಲಿ ಮಾತ್ರ ಇದೆ. ಮಾಸ್ಟರು ಬೇರೆ ಘಟಕಕ್ಕೆ ಹೋದ ದಿನ ಅದೂ ಹೋಗುತ್ತದೆ.

ಮಾವನ ಅರ್ಜಿಗೆ ಇನ್ನೊಂದು ಕೊಕ್ಕೆಯೂ ಇತ್ತು. ಆ ಮಿಶ್ರಣವನ್ನು ಬಾಗಿಲು ತೆರೆದಿಟ್ಟು, ಕೆಮಿಕಲ್ ಮಾರಲು ಬರುವವರೆಲ್ಲರ ಕಣ್ಣೆದುರಿಗೆ ತಿಂಗಳುಗಟ್ಟಲೆ ಬಳಸಿಯಾಗಿತ್ತು. ಅಷ್ಟು ಬಹಿರಂಗವಾಗಿ ಬಳಸಿದ ಮೇಲೆ ಅದು ಹೊಸದು ಎನ್ನುವುದಕ್ಕೇ ಬಾಯಿರುವುದಿಲ್ಲ, ಹೊಳೆಯುವುದು ಹೊಳೆಯದಿರುವುದು ಆಮೇಲಿನ ಮಾತು.

ಆದರೂ ನನ್ನ ಕುತೂಹಲ ತಣಿಯದೆ, ಒಂದು ಭಾನುವಾರ ಪರೀಕ್ಷೆ ಮಾಡಿದೆವು. ಒಂದೇ ಥಾನಿನ ತುಂಡುಗಳನ್ನು ಫ್ಲೇಕ್ಸಿನಲ್ಲಿ ಮಾತ್ರ, ಸಿಲಿಕೋನಿನಲ್ಲಿ ಮಾತ್ರ, ಎರಡನ್ನೂ ಮಾಮೂಲಿನಂತೆ ಬೆರೆಸಿದ್ದರಲ್ಲಿ ಮತ್ತು ಮಾಸ್ಟರ ಕ್ರಮದಲ್ಲಿ ಅದ್ದಿ ಒಣಗಿಸಿ, ಹಿಂಬದಿಗೆ ಗುರುತು ಹಾಕಿ, ದಾರ ಕತ್ತರಿಸುವ ಕೆಲಸದ ಅಕ್ಕಂದಿರ ಕೈಗೆ ಕೊಟ್ಟೆವು. ದಿನವಿಡೀ ಜೀನ್ಸ್ ಮುಟ್ಟುವ ಅವರಷ್ಟು ನುರಿತ ಅಂಗೈ ಯಾವ ಪ್ರಯೋಗಾಲಯದಲ್ಲಿಯೂ ಸಿಗಲಾರದು. ಮೆದುವಿನಲ್ಲಿ ಕೊನೆಯ ಎರಡರ ನಡುವೆ ಅವರಿಗೆ ವ್ಯತ್ಯಾಸವೇ ಕಾಣಲಿಲ್ಲ. ಹಳದಿಯ ವಿಷಯದಲ್ಲಿ ಮಾತ್ರ ಎಲ್ಲರೂ ಒಂದೇ ತುಂಡನ್ನು ಎತ್ತಿ ತೋರಿಸಿದರು, ಅದು ಮಾಸ್ಟರದ್ದು. ಅಂದರೆ ಹೇಳಿಕೊಳ್ಳಬೇಕಾದ ಗುಣ ಮೆದುವಲ್ಲ, ಬಣ್ಣ. ಅದಕ್ಕೆ ಕಾರಣ ಅಳತೆಯಲ್ಲ, ಆಮ್ಲ ಮೊದಲು ಬಿದ್ದದ್ದು ಎಂದು ನನ್ನ ಗುಮಾನಿ. ಮಾವನಿಗೆ ಇದರಿಂದ ಸಮಾಧಾನವಾಗಲಿಲ್ಲ, ಮುಂಗಡದ ಹಣವೂ ಇದುವರೆಗೆ ವಾಪಸ್ಸಾಗಿಲ್ಲ. ಮಾಸ್ಟರು ಮಾತ್ರ ಮರುದಿನವೇ ಒಂದು ಉದ್ದ ನೋಟುಬುಕ್ಕು ತರಿಸಿ, ಮೊದಲ ಪುಟದಲ್ಲಿ ದಿನಾಂಕ, ಬೋರಿನ ನೀರು, ಆಮ್ಲ ಎಷ್ಟು ಮಗ್ಗು ಎಂದು ಬರೆದು, ಕೆಳಗೆ ನನ್ನ ಸಹಿ ಹಾಕಿಸಿಕೊಂಡರು.